ಸೋಸಿ ಕುದಿಸಿದ ನೀರು

ಸೊಳ್ಳೆ ಹೊಡೆಯಲು ಒಪ್ಪದ ಮನುಷ್ಯ ದಿನವಿಡೀ ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿಕೊಂಡು ಮಲೇರಿಯಾ ಹುಡುಕುವುದನ್ನು ನೀವು ಕಂಡಿದ್ದೀರೋ ಇಲ್ಲವೋ. ನಾನು ಹತ್ತು ವರ್ಷ ಕಂಡಿದ್ದೇನೆ. ನಿಪ್ಪಾಣಿಯ ನಮ್ಮ ದವಾಖಾನೆಯ ಲ್ಯಾಬಿನಲ್ಲಿ ಸೊಳ್ಳೆ ಗುಂಯ್ ಎಂದರೆ ನನ್ನ ಕೈ ತಾನೇ ಮೇಲೆ ಏಳುತ್ತಿತ್ತು. ಅವರು ಕಣ್ಣು ಎತ್ತದೆಯೇ ಹೇಳುತ್ತಿದ್ದರು:

"ಹೊಡೀಬ್ಯಾಡ್ರಿ ಸಿಸ್ಟರ್. ಕಿಡಕಿ ತಗೀರಿ, ತಾನ ಹೋಗತೈತಿ."

"ಯಾಕ್ರಿ ಅಣ್ಣಾ, ಅದೇನ ನಿಮ್ಮ ಬೀಗತಿ ಏನು, ಮಾನ ಕೊಟ್ಟು ಕಳಸಾಕ?"

"ಬೀಗತಿ ಅಲ್ಲ, ಖರೆ. ಆದ್ರ ನಿಮ್ಮ ನಾಲಿಗಿಗಿಂತಾ ಅದರ ಮುಳ್ಳ ಭಾಳ ಮೆತ್ತಗ ಐತ್ರಿ."

ನಾನು ನಗುತ್ತಿದ್ದೆ, ಅವರು ನಗುತ್ತಿರಲಿಲ್ಲ. ಹೇಳಬೇಕಾದದ್ದು ಹೇಳಿ ಮತ್ತೆ ಗಾಜಿನ ಮೇಲೆ ಬಗ್ಗುವರು.

ಹೋದ ತಿಂಗಳು ಚಿಕ್ಕೋಡಿ ಬಸ್‌ ಸ್ಟ್ಯಾಂಡಿನಲ್ಲಿ ಅವರ ಊರು ಜುಗೂಳದ ಹೆಣ್ಣುಮಗಳೊಬ್ಬಳು ಸಿಕ್ಕಿ, "ನಿಮ್ಮ ಲ್ಯಾಬಿನ ಅಣ್ಣಾ ಹೋದ್ರಲ್ರಿ ಅಕ್ಕಾರ" ಎಂದಳು. ಮುಂದೆ ನಿಂತಿದ್ದ ರಾಯಬಾಗದ ಬಸ್ಸನ್ನು ಹಾಗೇ ಬಿಟ್ಟು ಕಲ್ಲುಬೆಂಚಿನ ಮೇಲೆ ಕೂತೆ. ಅಳು ಬರಲಿಲ್ಲ, ಹೆದರಿಕೆ ಬಂತು. ಆ ಮನುಷ್ಯನಿಗೆ ಹೇಳಬೇಕಾದ ಒಂದು ಮಾತು ನನ್ನ ಹೊಟ್ಟೆಯಲ್ಲೇ ಉಳಿದಿತ್ತು. ಇನ್ನು ಅದನ್ನು ಕೇಳಲು ಅವರಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವರದು ಮಕ್ಕಳು ಮೊಮ್ಮಕ್ಕಳು ಇರುವ ಮನೆ, ಹೆಸರು ಬರೆಯುವುದಿಲ್ಲ. ನಾವೆಲ್ಲ ಅವರನ್ನು ಅಣ್ಣಾ ಎನ್ನುತ್ತಿದ್ದೆವು, ಇಲ್ಲೂ ಅಷ್ಟೇ ಸಾಕು.

ಎಂಬತ್ತರ ದಶಕದ ನಡುವೆ ನಾನು ಆ ಖಾಸಗಿ ದವಾಖಾನೆಗೆ ನರ್ಸ್ ಆಗಿ ಸೇರಿದೆ. ಈಗ ದವಾಖಾನೆಯೂ ಇಲ್ಲ, ಅದನ್ನು ನಡೆಸುತ್ತಿದ್ದ ಡಾಕ್ಟರೂ ಊರು ಬಿಟ್ಟಿದ್ದಾರೆ. ಅಣ್ಣಾ ದಿನಾ ಚಿಕ್ಕೋಡಿಯಿಂದ ಬಸ್ಸಿಗೆ ಬರುವರು. ಅರ್ಧ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಶಾಯಿಯ ಕಲೆ, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಬಟ್ಟೆ ಕಟ್ಟಿದ ನೀರಿನ ತಂಬಿಗೆ. ಬೈಯುವುದು ಮರಾಠಿಯಲ್ಲಿ, ಮರುಗುವುದು ಕನ್ನಡದಲ್ಲಿ. ಹೊತ್ತು ಮುಳುಗುವ ಮುಂಚೆ ಉಣ್ಣಬೇಕಾದ ಜೈನರು. ಹೊರಗೆ ಹತ್ತು ಜನ ತೋಳು ಚಾಚಿ ಕೂತಿದ್ದರೂ ಐದೂವರೆ ಆಯಿತೆಂದರೆ ಡಬ್ಬಿಯ ಮುಚ್ಚಳ ತೆಗೆದೇ ಬಿಡುವರು. "ಸೂರ್ಯನ ಬಿಟ್ಟು ಮತ್ಯಾರ ಮಾತೂ ಕೇಳಂಗಿಲ್ಲ ಇಂವಾ" ಎಂದು ಡಾಕ್ಟರು ಗೊಣಗಿ ಸುಮ್ಮನಾಗುತ್ತಿದ್ದರು. ರಕ್ತ ತೆಗೆಯುವಾಗ ಮಾತ್ರ ಎಂಥ ಕೂಸೂ ಅವರ ಕೈಯಲ್ಲಿ ಅಳುತ್ತಿರಲಿಲ್ಲ.

ನೀರಿನ ವಿಷಯದಲ್ಲಿ ಅವರ ಶಿಸ್ತು ಅವರದೇ. ಎರಡು ಮಡಿಕೆ ಬಿಳಿ ಬಟ್ಟೆಯಲ್ಲಿ ಸೋಸಬೇಕು. ಸೋಸಿದ ಬಟ್ಟೆಯನ್ನು ನಲ್ಲಿ ಕೆಳಗೆ ಹಿಂಡುವಂತಿಲ್ಲ. ನೀರು ಯಾವ ಬಾವಿಯದೋ ಆ ಬಾವಿಗೇ ಹೋಗಿ ಅದನ್ನು ಜಾಲಿಸಬೇಕು, ಬಟ್ಟೆಗೆ ಅಂಟಿದ ಸಣ್ಣ ಜೀವಗಳು ತಮ್ಮ ಮನೆಗೆ ತಿರುಗಿ ಸೇರಬೇಕು. ಆಮೇಲೆ ಕುದಿಸಬೇಕು. ಮುಂಜಾನೆ ಕುದಿಸಿದ ನೀರು ಮರುದಿನ ಮುಂಜಾನೆಯವರೆಗೆ ಶುದ್ಧ. ಅವರ ಅಜ್ಜನ ಅಜ್ಜನೂ ಹಾಗೇ ನಡೆದವನು. ನಾನು ಕೊಳವೆ ನೀರು ಗಟಗಟ ಕುಡಿಯುವುದನ್ನು ನೋಡಿ, "ಕಣ್ಣಿಗಿ ಕಾಣಂಗಿಲ್ಲ ಅಂದ್ರ ಇಲ್ಲ ಅಂತ ತಿಳಿಬ್ಯಾಡ್ರಿ ಸಿಸ್ಟರ್" ಎನ್ನುವರು. ಮೈಕ್ರೋಸ್ಕೋಪಿನ ಮುಂದೆ ಕೂತು ಹೇಳಿದ ಮಾತಿಗೆ ನಾನು ಏನು ಎದುರುತ್ತರ ಕೊಡಲಿ!

ತೊಂಬತ್ತರ ದಶಕ ಶುರುವಾದ ಮೇಲೆ ನಮ್ಮಲ್ಲಿಗೆ ಐದು ಜನ ಗಂಡಸರು ಬರತೊಡಗಿದರು. ನಾಲ್ವರು ತಂಬಾಕಿನ ವಖಾರಿಯಲ್ಲಿ ಮೂಟೆ ಹೊರುವ ಹಮಾಲರು, ಒಬ್ಬ ಲಾರಿ ಡ್ರೈವರ್. ಮುಂಬೈ ಕಡೆಯಿಂದ ಹೈವೇ ಹಿಡಿದು ಬರುತ್ತಿದ್ದ ಬ್ರೌನ್ ಶುಗರ್ ಎಂಬ ಅಮಲಿನ ಪುಡಿಯನ್ನು ಮೊದಲು ಹೊಗೆಯಾಗಿ ಸೇದುತ್ತಿದ್ದರಂತೆ. ಡ್ರೈವರ್ ತಂಬಾಕು ಹೇರಿಕೊಂಡು ದೂರದ ಈಶಾನ್ಯ ರಾಜ್ಯಗಳವರೆಗೆ ಹೋಗಿ ಬರುವವನು. ಅದನ್ನು ಸೂಜಿಯಲ್ಲಿ ಚುಚ್ಚಿಕೊಳ್ಳುವ ವಿದ್ಯೆ ಅಲ್ಲಿಂದ ಕಲಿತು ಬಂದು ಇವರಿಗೂ ಹಚ್ಚಿದ. ಐದು ಜನಕ್ಕೆ ಒಂದೇ ಸೂಜಿ. ಪುಡಿ ಕರಗಿಸುವ ನೀರು ವಖಾರಿ ಹಿಂದೆ ಎತ್ತುಗಳು ಕುಡಿಯುವ ಕಲ್ಲುದೋಣಿಯದು. ತೋಳೆಲ್ಲ ಕೀವು, ಹತ್ತಿರ ಬಂದರೆ ಮೂಗು ಮುಚ್ಚುವಂಥ ವಾಸನೆ. ಡಾಕ್ಟರು ಬಾಗಿಲಲ್ಲೇ, "ನಡೀರಿ ಹೊರಗ" ಎನ್ನುವರು. ಅಣ್ಣಾ ಆ ಐವರನ್ನೂ ಹಿತ್ತಲಿಗೆ ಕರೆದೊಯ್ದು ಮೊದಲು ಮರಾಠಿಯಲ್ಲಿ ಹತ್ತು ನಿಮಿಷ ಉಗಿದು, ಆಮೇಲೆ ಬಟ್ಟಲು ಹಿಡಿದು ಗಾಯ ತೊಳೆಯುವರು. ಬ್ಯಾಂಡೇಜ್ ಕಟ್ಟುವುದು ನನ್ನ ಪಾಲಿಗೆ. ನನಗೂ ಹೇಸಿಗೆಯೇ, ಸುಳ್ಳು ಯಾಕೆ ಹೇಳಲಿ. ಆದರೆ ಅಣ್ಣಾ ಮುಂದೆ ಕೂತಿರುವಾಗ ಮೂಗು ಮುಚ್ಚುವ ಧೈರ್ಯ ನನಗಿರಲಿಲ್ಲ.

ಅದೇ ಸುಮಾರಿಗೆ ಪುಣೆಯ ಒಂದು ಲ್ಯಾಬಿನ ಡಾಕ್ಟರಮ್ಮ ನಮ್ಮಲ್ಲಿಗೆ ಬಂದಿದ್ದರು. ಎಚ್‌ಐವಿ ಎಂಬ ಹೆಸರು ಆಗ ಊರ ಬಾಯಿಗೆ ಇನ್ನೂ ಹೊಸದು. ಆ ಐದೂ ಜನರನ್ನು ಒಪ್ಪಿಸಿ, ರಕ್ತ ತೆಗೆದು ಅಣ್ಣಾ ಪುಣೆಗೆ ಕಳಿಸಿದರು. ಡ್ರೈವರಿಗೆ ಮತ್ತು ಇಬ್ಬರು ಹಮಾಲರಿಗೆ ರೋಗ ಇತ್ತು. ಉಳಿದಿಬ್ಬರಿಗೆ ಇರಲಿಲ್ಲ. ಅವರಲ್ಲಿ ಒಬ್ಬ ಮಾರುತಿ. ಬೀಡಿ ಕಟ್ಟುವ ಲಗಮವ್ವನ ಗಂಡ, ಒಂದು ಹೆಣ್ಣು ಕೂಸಿನ ತಂದೆ. ಆ ವರದಿಯನ್ನು ಅವನು ಮನೆಗೆ ಒಯ್ದು ತಾಯಿಯ ಕೈಗೆ ಕೊಟ್ಟ. ತಾಯಿ ಅದನ್ನು ದೇವರ ಗೂಡಿನಲ್ಲಿಟ್ಟು ಊದಿನಕಡ್ಡಿ ಹಚ್ಚಿದಳು.

ಉಳಿದಿಬ್ಬರನ್ನು ಉಳಿಸಿಕೊಳ್ಳಲೇಬೇಕು ಎಂದು ಅಣ್ಣಾ ಹಟ ಹಿಡಿದರು. "ಬಿಡ್ರೋ ಅಂದ್ರ ಬಿಡಾಂಗಿಲ್ಲ ಇವ್ರು. ಬಿಡೂತನಕ ಸಾಯಬಾರ್ದಲ್ರಿ" ಎಂದರು. ಕೊಲ್ಲಾಪುರದಿಂದ ಸಿರಿಂಜು ಸಮೇತ ಸೂಜಿ ತರಿಸಿ ಐವರಿಗೂ ಬೇರೆ ಬೇರೆ ಕೊಟ್ಟು, ಒಂದೊಂದಕ್ಕೂ ಒಂದೊಂದು ಬಣ್ಣದ ದಾರ ಕಟ್ಟಿದರು. ಡ್ರೈವರನದು ಕೆಂಪು, ಮಾರುತಿಯದು ಹಸಿರು. "ಒಬ್ಬಂದ ಇನ್ನೊಬ್ಬ ಮುಟ್ಟಿದ್ರ ನನ್ನ ಆಣಿ" ಎಂದು ಭಾಷೆ ತೆಗೆದುಕೊಂಡರು. ದೋಣಿಯ ನೀರಿನ ಬದಲಿಗೆ ಸೋಸಿ ಕುದಿಸಿದ ನೀರು. ಮುಂಜಾನೆ ದವಾಖಾನೆಯ ಪಾತ್ರೆಯಲ್ಲಿ ಅದನ್ನು ಕುದಿಸುವವಳು ನಾನು. ಆರಿದ ಮೇಲೆ ಮುಚ್ಚಳದ ಸ್ಟೀಲ್ ಡಬ್ಬಿಗೆ ತುಂಬಿ ವಖಾರಿ ಹಿಂದಿನ ಗೂಡಿನಲ್ಲಿ ಇಡುವವರು ಅವರು. ಯಾರೂ ಬಾಯಿ ಹಚ್ಚಿ ಎಂಜಲು ಮಾಡಬಾರದೆಂದು ಡಬ್ಬಿಗೆ ಉದ್ದ ಹಿಡಿಕೆಯ ಸೌಟನ್ನೂ ಕಟ್ಟಿದ್ದರು. ಬೇಕಾದಷ್ಟನ್ನು ಸೌಟಿನಿಂದ ತಮ್ಮ ಬಟ್ಟಲಿಗೆ ಹೊಯ್ದುಕೊಳ್ಳಬೇಕು.

ತಿಂಗಳೊಪ್ಪತ್ತಿನಲ್ಲಿ ಕೀವು ಮಾಯವಾಯಿತು. ನಾವಿಬ್ಬರೂ ಹಿಗ್ಗಿದ್ದೇ ಹಿಗ್ಗಿದ್ದು.

ಖಾಲಿ ಡಬ್ಬಿ ತಂದು ತೊಳೆಯುವುದು ನನ್ನ ಕೆಲಸ. ಒಂದು ಮಧ್ಯಾಹ್ನ ಮುಚ್ಚಳ ತೆಗೆದರೆ ತಳದಲ್ಲಿ ಉಳಿದ ನೀರು ನಸುಗೆಂಪಗಿತ್ತು. ಸೌಟು ಮಾತ್ರ ಪೂರಾ ಒಣಗಿತ್ತು, ಅದಕ್ಕೆ ನೀರು ಸೋಕಿದ ಗುರುತೇ ಇರಲಿಲ್ಲ. ಯಾವನೋ ಗಾಯದ ಕೈ ಅದ್ದಿರಬೇಕು, ಹೊಲಸು ಮುಂಡೇವು, ಎಂದು ಬೈದುಕೊಂಡು ಚೆಲ್ಲಿದೆ. ಇನ್ನೂ ಎರಡು ಮೂರು ಸಲ ಹಾಗೇ ಕಂಡೆ. ಅಣ್ಣಾನಿಗೆ ಹೇಳಲಿಲ್ಲ. ಹೇಳಿದರೆ ಮತ್ತೆ ಏನಾದರೂ ಹೊಸ ಶಿಸ್ತು ಹಚ್ಚುತ್ತಾರೆ, ಕೆಲಸ ಮಾಡುವವಳು ನಾನೇ ಅಲ್ಲವೇ ಎಂಬ ಸೋಮಾರಿತನ. ಇದಕ್ಕಿಂತ ದೊಡ್ಡ ಕಾರಣ ಏನೂ ಇರಲಿಲ್ಲ.

ಒಂದೂವರೆ ವರ್ಷ ಕಳೆದ ಮೇಲೆ ಐದೂ ಜನರ ರಕ್ತ ಮತ್ತೊಮ್ಮೆ ಪುಣೆಗೆ ಹೋಯಿತು. ಈ ಸಲ ಐವರಿಗೂ ಇತ್ತು. ಅಣ್ಣಾ ಲಗಮವ್ವನನ್ನು ಕರೆಸಿ ಅವಳದನ್ನೂ ಕಳಿಸಿದರು. ಅವಳಿಗೂ ಇತ್ತು. ಕೂಸಿಗೆ ಇರಲಿಲ್ಲ, ಅಷ್ಟೇ ಪುಣ್ಯ.

ಮಾರುತಿಯ ತಾಯಿ ಹಳೇ ವರದಿಯನ್ನು ದೇವರ ಗೂಡಿನಿಂದ ಇಳಿಸಿ ಓಣಿಯಲ್ಲೆಲ್ಲ ತಿರುಗಿಸಿದಳು. "ನನ್ನ ಮಗಾ ಸ್ವಚ್ಛ ಇದ್ದ ಅಂತ ದವಾಖಾನಿಯವ್ರ ಬರದ ಕೊಟ್ಟಾರ. ಸೂಜಿನೂ ಬ್ಯಾರೆ ಕೊಟ್ಟಾರ. ಮತ್ತೆಲ್ಲಿಂದ ಬಂತ ಇದು? ಈ ರಂಡಿ ಎಲ್ಲಿಂದೋ ಹೊತ್ಗೊಂಡ ಬಂದ ನನ್ನ ಮಗನ ಮೈಗೆ ಹಚ್ಯಾಳ!" ಲೆಕ್ಕ ಸರಿಯಾಗೇ ಇತ್ತು, ಅದೇ ದೊಡ್ಡ ಅನ್ಯಾಯ. ಮಾರುತಿ ತಲೆ ತಗ್ಗಿಸಿ ಕೂತ, ಬಾಯಿ ಬಿಡಲಿಲ್ಲ. ಲಗಮವ್ವನನ್ನು ಕೂಸಿನ ಸಮೇತ ಹೊರಗೆ ಹಾಕಿದರು. ತವರುಮನೆ ಅಥಣಿ ಕಡೆಯ ಅನಂತಪುರ. ಸುದ್ದಿ ಅವಳಿಗಿಂತ ಮುಂಚೆ ಅಲ್ಲಿಗೆ ಮುಟ್ಟಿತ್ತು, ಅಣ್ಣಂದಿರು ಹೊಸ್ತಿಲು ದಾಟಗೊಡಲಿಲ್ಲ. ತಿರುಗಿ ಬಂದವಳನ್ನು ನಾನೇ ನನ್ನ ಬಾಡಿಗೆ ಖೋಲಿಯಲ್ಲಿ ಇಟ್ಟುಕೊಂಡೆ.

"ಅಕ್ಕಾರ, ರೋಗ ಬಂದಿದ್ದಕ್ಕ ನಾ ಅಳಂಗಿಲ್ರಿ" ಎಂದಳು ಒಂದು ದಿನ, ಬೀಡಿ ಕಟ್ಟುತ್ತಲೇ. "ಸಾಯೂದಿದ್ರ ಸಾಯ್ತೀನಿ. ಆದ್ರ ನನ್ನ ಮಗಳಿಗೆ ನಾಳೆ, ನಿಮ್ಮವ್ವ ಇಂಥಾಕಿ ಇದ್ಳು ಅಂತಾರಲ್ರಿ. ನಾ ಸಾಯೂದ್ರಾಗ ಅದೊಂದ ಹೋಗಬೇಕ. ನನ್ನ ಮನಿ ಒಳಗ ನಾ ಸಾಯಬೇಕ."

ಅದನ್ನು ನಾನು ಅಣ್ಣಾನಿಗೆ ಹೇಳಿದೆ. ಅವರು ಆ ದಿನವೇ ಪುಣೆಯ ಡಾಕ್ಟರಮ್ಮನಿಗೆ ಪತ್ರ ಬರೆದರು. ಯಾರ ರೋಗ ಯಾರಿಂದ ಬಂತೆಂದು ಗೊತ್ತು ಮಾಡಲು ಬರುತ್ತದೆಯೇ ಎಂದು ಕೇಳಿದ್ದರು. ಉತ್ತರ ಬರಲು ಅರ್ಧ ವರ್ಷ ಹಿಡಿಯಿತು. ಓದಿ ನನ್ನನ್ನು ಕರೆದು ಕೂರಿಸಿದರು.

"ನೋಡ್ರಿ ಸಿಸ್ಟರ್, ತಂಬಾಕಿನ್ಯಾಗ ಹ್ಯಾಂಗ ತಳಿ ಇರ್ತಾವು, ಈ ವೈರಸ್ಸಿನ್ಯಾಗೂ ಹಂಗ ತಳಿ ಅದಾವಂತ. ನಮ್ಮ ಕಡೆ ಮಂದಿಗೆ ಬರೂದು ಹೆಚ್ಚಾಗಿ ಒಂದ ತಳಿ. ಆದ್ರ ಈ ಐದೂ ಮಂದಿ ಮೈಯಾಗಿಂದು ಬ್ಯಾರೆ, ಈಶಾನ್ಯದ ಕಡೆ ಸೂಜಿ ಚುಚ್ಕೊಳ್ಳಾವ್ರಾಗ ಸಿಗೂ ತಳಿ. ಒಂದಕ್ಕೊಂದು ಅಣ್ಣತಮ್ಮರಂಗ ಹೋಲ್ತಾವಂತ. ಡ್ರೈವರ್ ತಂದಾನ. ಲಗಮವ್ವನ ಮೈಯಾಗೂ ಅದ."

"ಮತ್ತ ಮುಗೀತಲ್ರಿ! ಆಕಿ ತಂದಿಲ್ಲ ಅಂತ ಆತಲ್ರಿ!" ನಾನು ಎದ್ದೇ ನಿಂತೆ.

ಅವರು ಏಳಲಿಲ್ಲ. "ಡ್ರೈವರನ ಸೂಜಿಗೆ ಕೆಂಪ ದಾರ, ಮಾರುತೀದಕ್ಕ ಹಸರ. ಸೂಜಿ ಬ್ಯಾರೆ ಇದ್ರೂ ಇಂವಗ ಹ್ಯಾಂಗ ಹೋತ್ರಿ?" ಎಂದು ಕೇಳಿದರು. ನನಗೆ ಒಮ್ಮೆಲೇ ಡಬ್ಬಿಯ ತಳದ ನಸುಗೆಂಪು ನೀರು ನೆನಪಾಯಿತು. ವಾರ್ಡಿನ ಕೆಲಸದ ನೆಪ ಹೇಳಿ ಹೊರಗೆ ಬಂದೆ.

ಮರುದಿನ ಮಧ್ಯಾಹ್ನ ಅವರು ವಖಾರಿ ಹಿಂದೆ ಹೋಗಿ ಆ ಐದು ಜನರ ನಡುವೆ ಕೂತರು. ಆ ಗಂಡಸರು ಸೂಜಿ ಚುಚ್ಚಿಕೊಳ್ಳುವುದನ್ನು ಮೊದಲಿಂದ ಕೊನೆಯವರೆಗೆ ನೋಡಿದರು. ಆ ದಿನ ಐದೂವರೆ ಆಯಿತು, ಹೊತ್ತು ಮುಳುಗಿತು, ಊಟದ ಡಬ್ಬಿಯ ಮುಚ್ಚಳ ತೆಗೆಯಲಿಲ್ಲ.

"ಸೌಟ ಯಾರೂ ಮುಟ್ಟಂಗಿಲ್ರಿ ಸಿಸ್ಟರ್. ಸೂಜಿನ ನೀರ ಎಳೀತೈತಲ್ಲ, ಸೌಟ ಯಾಕ ಅಂತಾರ. ಎಲ್ಲಾರೂ ಸೂಜಿ ಡಬ್ಬಿಗೇ ಅದ್ದತಾರ. ಚುಚ್ಚಗೊಂಡ ಮ್ಯಾಲ ಮತ್ತ ಅದರಾಗ ತೊಳೀತಾರ. ಒಬ್ಬನ ರಕ್ತ ನೀರಿಗೆ, ನೀರು ಇನ್ನೊಬ್ಬನ ನರಕ್ಕ." ಎಂದು ತಿರುಗಿ ಬಂದ ಮೇಲೆ ಹೇಳಿದರು. "ಮುಂಜಾನೆ ಕುದಿಸಿದ್ದು ಮರುದಿನತನಾ ಶುದ್ಧ ಅಂತ ತಿಳಿದಿದ್ದೆ ನಾ. ತುಟಿ ಹಚ್ಚೂದೊಂದ ಎಂಜಲ ಅಂತ ತಿಳಿದಿದ್ದೆ." ಆಮೇಲೆ ನನ್ನನ್ನೇ ನೋಡಿ ಕೇಳಿದರು: "ಡಬ್ಬಿ ತೊಳಿಯಾಗ ನೀವೇನರ ಕಂಡಿದ್ರೇನ್ರಿ?"

"ಇಲ್ಲ ಅಣ್ಣಾ" ಎಂದೆ.

ಎಷ್ಟು ಸರಾಗವಾಗಿ ಬಂತು ಆ ಮಾತು! ಅವರು ತಲೆಯಾಡಿಸಿದರು, ನಂಬಿದರು. ಜನರನ್ನು ಸುಲಭವಾಗಿ ನಂಬುವ ಮನುಷ್ಯ.

ಆ ರವಿವಾರ ಮುಂಜಾನೆ ಮಾರುತಿಯ ಓಣಿಗೆ ಹೊರಟರು. ನಾನೂ ಲಗಮವ್ವನೂ ಹಿಂದೆ. ಮಾರುತಿಯ ತಾಯಿ ಕಟ್ಟೆಯ ಮೇಲೆ ಕೂತಿದ್ದಳು, ಮಾರುತಿಯ ಹಿರಿಯಣ್ಣ ಬಾಗಿಲಿಗೆ ಒರಗಿ ನಿಂತಿದ್ದ, ಓಣಿಯ ನಾಲ್ಕು ಹಿರಿಯರೂ ಇದ್ದರು. ಅಣ್ಣಾ ನಿಂತುಕೊಂಡೇ ಪತ್ರದ ವಿಷಯವನ್ನು ಬಿಡಿಸಿ ಹೇಳಿದರು. ಮುದುಕಿ ಪೂರ್ತಿ ಕೇಳಿದಳು. ಕೇಳಿ ಚಪ್ಪಾಳೆ ತಟ್ಟಿದಳು.

"ಡ್ರೈವರನ ತಳಿ ಈಕಿ ಮೈಯಾಗ ಐತಿ ಅಂತ ನೀವ ಹೇಳಿದ್ರಲ್ರಿ? ಮತ್ತ ಡ್ರೈವರನ ಕೂಡ ಹೋಗ್ಯಾಳ ಅಂತ ಆತ! ನಾ ಮೊದಲ ಹೇಳಿದ್ದಿಲ್ಲೇನು?"

ಲಗಮವ್ವ ಕೂಸನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತಳು. ಅಷ್ಟು ದೂರದಿಂದ ಬಂದ ಪತ್ರ ಒಂದು ಗಳಿಗೆಯಲ್ಲಿ ಅವಳ ಕುತ್ತಿಗೆಗೇ ಬಂದಿತ್ತು. ಅಣ್ಣಾ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಇಲ್ಲವ್ವಾ. ಡ್ರೈವರನಿಂದ ನಿನ್ನ ಮಗಗ ಬಂದಿದ್ದು ನನ್ನ ನೀರಿನ ಡಬ್ಬಿಯಿಂದ. ಸೂಜಿ ಬ್ಯಾರೆ ಕೊಟ್ಟೆ, ನೀರ ಒಂದ ಇಟ್ಟೆ. ಅದರಾಗ ಎಲ್ಲಾರ ರಕ್ತ ಕೂಡೇತಿ. ನಿನ್ನ ಮಗನಿಂದ ಈ ಹೆಣ್ಣಮಗಳಿಗೆ ಬಂತು. ಈಕಿ ಯಾರ ಕೂಡನೂ ಹೋಗಿಲ್ಲ. ತಪ್ಪ ನಂದು."

ಹಿರಿಯನೊಬ್ಬ ಕೇಳಿದ: "ಡಬ್ಬಿ ಇಟ್ಟಾವ್ರ ಯಾರ್ರಿ?"

"ನಾ."

"ನೀರ ಕುದಸ್ತಿದ್ದಾವ್ರು?"

"ನಾ."

"ದಿನಾ ಡಬ್ಬಿ ತೊಳೀತಿದ್ರಲ್ಲ, ಆವಾಗರ ಗೊತ್ತಾಗ್ಲಿಲ್ಲೇನು?"

"ನಾನ ತೊಳೀತಿದ್ದೆ. ಗೊತ್ತಾಗ್ಲಿಲ್ರಿ."

ನಾನು ಅವರ ಬೆನ್ನ ಹಿಂದೆ ಎರಡು ಮಾರು ದೂರದಲ್ಲಿ ನಿಂತಿದ್ದೆ. ಮಾರುತಿಯ ಹಿರಿಯಣ್ಣ ಮೆಟ್ಟಿಲಿಳಿದು ಬಂದು ಅವರ ಕೆನ್ನೆಗೆ ಹೊಡೆದ. ಕನ್ನಡಕ ಹಾರಿ ಗಟಾರದ ಬದಿಗೆ ಬಿತ್ತು. ಅವರು ಬಗ್ಗಿ ಅದನ್ನು ಎತ್ತಿಕೊಂಡು, ಹೊಡೆದವನನ್ನು ನೋಡದೆ, ಹಿರಿಯರ ಕಡೆ ತಿರುಗಿದರು. "ಇನ್ನೊಮ್ಮಿ ಹೇಳ್ತೀನ್ರಿ, ಎಲ್ಲಾರೂ ಕೇಳ್ರಿ. ಈ ಹೆಣ್ಣಮಗಳು ಏನೂ ಮಾಡಿಲ್ಲ." ಅದನ್ನೇ ಮರಾಠಿಯಲ್ಲೂ ಹೇಳಿದರು. ಆಗ ಮಾರುತಿ ಒಳಗಿನಿಂದ ಎದ್ದು ಬಂದ. ಹೆಂಡತಿಯ ತೋಳು ಹಿಡಿದು ಎಬ್ಬಿಸಿ, "ಒಳಗ ನಡಿ" ಎಂದ. ಅಷ್ಟು ಹೇಳಲು ಅವನಿಗೆ ಅಷ್ಟು ದಿನ ಬೇಕಾಯಿತು.

ದವಾಖಾನೆಗೆ ಹಿಂದಿರುಗುವಾಗ ದಾರಿಯಲ್ಲಿ ಕೇಳಿದೆ, "ಕುದಸ್ತಿದ್ದಾಕಿ ನಾ, ತೊಳೀತಿದ್ದಾಕಿ ನಾ. ನನ್ನ ಹೆಸರ ಯಾಕ ಹೇಳ್ಲಿಲ್ರಿ ಅಣ್ಣಾ?"

"ನೀವ ನಾ ಹೇಳಿದ್ದು ಮಾಡಿದ್ರಿ. ಕಂಡಿದ್ರ ನೀವು ಬಿಡ್ತಿದ್ರೇನ್ರಿ? ನಿಮ್ಮ ನಾಲಿಗಿ ನನಗ ಗೊತ್ತಿಲ್ಲೇನು?" ಎಂದರು. ಕೆನ್ನೆ ಬಾತಿತ್ತು. ಅದರಲ್ಲೇ ಸ್ವಲ್ಪ ನಕ್ಕರು. ನನ್ನ ಜೊತೆ ಅವರು ನಕ್ಕಿದ್ದು ಅದೊಂದೇ ಸಲ.

ಆ ವಾರವೇ ಡಾಕ್ಟರು ಅವರನ್ನು ಕೆಲಸದಿಂದ ತೆಗೆದರು. ಹೋಗುವ ಮುಂಚೆ ಆ ಐವರಿಗೂ ಐದು ಸಣ್ಣ ಶೀಸೆ ಕೊಟ್ಟು, ಅವರವರ ನೀರು ಅವರವರದರಲ್ಲೇ ಎಂದು ಕೈಹಿಡಿದು ಕಲಿಸಿ ಹೋದರು. ಚಿಕ್ಕೋಡಿಯ ಮನೆಯನ್ನೂ ಬಿಟ್ಟು ಜುಗೂಳಕ್ಕೆ ಹೋಗಿ ಕೃಷ್ಣೆಯ ದಂಡೆಯ ಹೊಲ ನೋಡಿಕೊಂಡು ಉಳಿದರು. ನಾನು ಒಮ್ಮೆ ಅಲ್ಲಿಗೆ ಹೋದೆ, ಹೇಳಿಬಿಡಬೇಕೆಂದೇ ಹೋದೆ. ಕಬ್ಬಿಗೆ ನೀರು ಹಾಯಿಸುತ್ತಿದ್ದರು. "ಮಾರುತಿ ಹ್ಯಾಂಗದಾನ್ರಿ? ಕೂಸು ಸಾಲಿಗಿ ಹೊಂಟೈತೇನ್ರಿ?" ಎಂದು ಒಂದರ ಹಿಂದೊಂದು ಕೇಳಿದರು. ಮಾರುತಿ ತೀರಿಕೊಂಡ ಸುದ್ದಿ ಹೇಳಿದೆ. ಸಲಿಕೆ ಊರಿ ಬಹಳ ಹೊತ್ತು ನಿಂತರು. ಅದರ ಮೇಲೆ ನನ್ನ ಮಾತು ಹೇಳಲು ಬಾಯಿ ಬರಲಿಲ್ಲ. ಹೇಡಿತನಕ್ಕೆ ಯಾವಾಗಲೂ ಒಂದು ಒಳ್ಳೆಯ ನೆಪ ಸಿಗುತ್ತದೆ ನೋಡಿ.

ಮಾರುತಿ ಹೋದ ಮೇಲೂ ಅತ್ತೆ ಲಗಮವ್ವನನ್ನು ಮನೆಯಿಂದ ಹೊರಗೆ ಹಾಕಲಿಲ್ಲ. ಓಣಿಯಲ್ಲಿ ಅವಳ ಬಗ್ಗೆ ಯಾರೂ ಮಾತೆತ್ತಲಿಲ್ಲ. ಕೊನೆಗೆ ಅವಳು ಬಯಸಿದಂತೆ ಆ ಮನೆಯೊಳಗೇ ಕಣ್ಣು ಮುಚ್ಚಿದಳು. ಹಾಸಿಗೆ ಹಿಡಿಯುವುದಕ್ಕೆ ಸ್ವಲ್ಪ ಮುಂಚೆ, ಒಂದು ಮಧ್ಯಾಹ್ನ, ಮಗಳ ಕೈಹಿಡಿದುಕೊಂಡು ವಾರ್ಡಿಗೆ ಬಂದಳು. ಕೈಯಲ್ಲಿ ಒಂದು ಕುಬಸದ ಖಣ, ಒಂದು ತೆಂಗಿನಕಾಯಿ. ನಾನು ಬೇಡ ಬೇಡ ಎನ್ನುತ್ತಿದ್ದಂತೆ ಮಗಳ ಕೈಯಿಂದ ನನ್ನ ಹಣೆಗೆ ಕುಂಕುಮ ಹಚ್ಚಿಸಿ ಉಡಿ ತುಂಬಿಸಿದಳು.

"ಊರೆಲ್ಲಾ ಉಗಳಿದಾಗ ನೀವ ಒಬ್ಬಾಕಿ ನನ್ನ ಒಳಗ ಕರ್ಕೊಂಡ್ರಿ ಅಕ್ಕಾರ" ಎಂದಳು.

"ನಂದೇನೂ ಇಲ್ಲವ್ವಾ. ನಿನ್ನ ಹೆಸರ ಉಳಿಸಿದಾವ್ರು ಅಣ್ಣಾ."

"ಆ ಮನಶ್ಯಾನ ಮಾತ ಎತ್ತಬ್ಯಾಡ್ರಿ." ಮುಖ ಗಂಟಾಯಿತು. "ಹೆಸರ ಉಳಿಸಿದ, ಖರೆ. ನನ್ನ ಗಂಡನ್ನ ಕೊಂದ, ನನ್ನೂ ಕೊಲ್ಲಾಕತ್ತಾನ. ದಿನಾ ತೊಳಿಯಾಂವಗ ಡಬ್ಬ್ಯಾಗ ರಕ್ತ ಕಾಣಲಿಲ್ಲಂತ! ಕಂಡೂ ಸುಮ್ಮನಿದ್ದಾನ ಅಂವಾ. ಅಂವನ ಕೈಗೆ ಹುಳಾ ಬೀಳಲಿ."

ಮಗಳಿಗೆ ನನ್ನ ಕಾಲು ಮುಟ್ಟಲು ಹೇಳಿದಳು. ಆ ಕೂಸು ಬಗ್ಗಿ ಮುಟ್ಟಿತು. ಲಗಮವ್ವ ನನ್ನ ಎರಡೂ ಕೈಗಳನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು.

"ಈ ಕೈ ತಣ್ಣಗಿರಲ್ರಿ ಅಕ್ಕಾರ" ಎಂದಳು.

ನಾನು ಕೈ ಬಿಡಿಸಿಕೊಳ್ಳಲಿಲ್ಲ.